ಮಿಕ್ಸರಿನ ಮೈಮೇಲಿನ ಮೂರು ಸಾಲು

ವಿಜಯಮಹಾಂತೇಶನಿಗೆ ಆ ಭಾನುವಾರ ಬಂದ ಸಂಕಟಕ್ಕೆಲ್ಲ ಮೂಲ ಮೂರೇ ಮೂರು ಸಾಲು. ಲಾರಿಗಳ ಹಿಂದೆ ಹೆಸರು ಬರೆಯುವ ಪೇಂಟರನೊಬ್ಬ ಮಿಕ್ಸರಿನ ಬಿಳಿ ಹೊಟ್ಟೆಯ ಮೇಲೆ ಕೆಂಪು ಆಯಿಲ್ ಪೇಂಟಿನಲ್ಲಿ ದಪ್ಪಗೆ ಬರೆದ ಸಾಲು:

ಸಾವಿತ್ರೆವ್ವ ಬಸಪ್ಪ ಕಂದಗಲ್ಲ
ಬನ್ನಿಕಟ್ಟಿ ಹತ್ತಿರ
ಇಳಕಲ್ಲ

ನಮ್ಮ ಕಡೆ ಲಗ್ನಕ್ಕೆ ಆಯೇರ ಕೊಟ್ಟರೆ ಕೊಟ್ಟವರ ಹೆಸರು ಅದರ ಮೈಮೇಲೆ ಇರಲೇಬೇಕು. ಕೊಡಕ್ಕೆ, ತಾಟಿಗೆ ಮಷಿನ್ನಿನಲ್ಲಿ ಚುಕ್ಕಿ ಚುಕ್ಕಿ ಹೊಡೆಸುತ್ತಾರೆ. ಮಿಕ್ಸರಿಗೆ ಆ ಮಷಿನ್ನು ನಡೆಯಲಿಲ್ಲವೆಂದು ಸಾವಿತ್ರೆವ್ವ ಪೇಂಟರನನ್ನೇ ಮನೆಗೆ ಕರೆಸಿದ್ದಳು. ಬರೇ ಹೆಸರು ಸಾಕಲ್ಲ ಅಂತ ಅವನು ಅಂದರೆ, "ಇಳಕಲ್ಲಾಗ ಮೂರ ಮಂದಿ ಸಾವಿತ್ರೆವ್ವ ಅದೀವಪಾ. ಕೊಟ್ಟಾಕಿ ನಾನು, ಹೆಸರು ಇನ್ನೊಬ್ಬಾಕಿಗೆ ಹೋದ್ರ?" ಅಂತ ಕೇಳಿ ಓಣಿ ಸಮೇತ ಪೂರ್ತಿ ಬರೆಸಿದ್ದಳು.

ಈಗ ತೊಂದರೆ ಏನಂದರೆ ವಿಜಯಮಹಾಂತೇಶ ಕೆನಡಾಕ್ಕೆ ಹೊರಟಿದ್ದ. ಹೆಂಡತಿ ನೇತ್ರಾ ನರ್ಸು. ಅಲ್ಲಿನ ಒಂದು ದವಾಖಾನೆಯಲ್ಲಿ ಕೆಲಸ ಸಿಕ್ಕು ಎರಡು ತಿಂಗಳ ಹಿಂದೆಯೇ ಹೋಗಿದ್ದಳು. ಬಾಗಲಕೋಟೆ ವಿದ್ಯಾಗಿರಿಯ ಕಾಲೇಜೊಂದರಲ್ಲಿ ಫಿಸಿಕ್ಸ್ ಲ್ಯಾಬು ನೋಡಿಕೊಳ್ಳುತ್ತಿದ್ದ ಇವನು ಕೆಲಸ ಬಿಟ್ಟು, ವಿಮಾನ ಹಿಡಿಯಲು ಸೋಮವಾರ ಸಂಜೆಯ ರೈಲಿಗೆ ಟಿಕೀಟು ತೆಗೆಸಿ, ಬಾಡಿಗೆ ಮನೆ ಖಾಲಿ ಮಾಡುತ್ತ ಕೂತಿದ್ದ. ನೇತ್ರಾ ಫೋನಿನಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದಳು: "ಕರೆಂಟಿನ ಸಾಮಾನ ಒಂದೂ ತರಬ್ಯಾಡ್ರಿ. ಇಲ್ಲಿ ಬರೋದ ನೂರಾ ಇಪ್ಪತ್ತ ವೋಲ್ಟು. ನಮ್ಮ ಮಿಕ್ಸರ್ ಇಲ್ಲಿ ತಿರಗಂಗಿಲ್ಲ, ತಿರಗಿದ್ರೂ ಶೇಂಗಾ ಚಟ್ನಿ ಹಿಂಡಿ ಸಣ್ಣ ಆಗಂಗಿಲ್ಲ. ಸುಮ್ನ ವಜ್ಜಾ ಹೊತ್ತಂಗಾಗ್ತೈತಿ."

ಹೆಸರಿಲ್ಲದ ಸಾಮಾನುಗಳು ಸುಲಭವಾಗಿ ಹೋದವು. ಇಸ್ತ್ರಿ ಪೆಟ್ಟಿಗೆ ಮನೆ ಮಾಲೀಕ ಕಲ್ಲಪ್ಪನವರಿಗೆ, ಟೇಬಲ್ ಫ್ಯಾನು ಎದುರು ಮನೆಯ ಟೇಲರ್ ಸುಲ್ತಾನಾಗೆ. ಉಳಿದದ್ದು ಮಿಕ್ಸರ್. ಅದನ್ನು ಒಯ್ಯುವಂತಿಲ್ಲ, ಬಿಡುವಂತಿಲ್ಲ.

ಸಾವಿತ್ರೆವ್ವ ಅವನ ಸೋದರತ್ತಿ. ಮೂರು ವರ್ಷದವನಿದ್ದಾಗ ತಾಯಿ ತೀರಿಕೊಂಡ ಮೇಲೆ ಎತ್ತಿ ಬೆಳೆಸಿದಾಕಿ. ಇಳಕಲ್ಲ ಸೀರೆಯ ಒಡಲಿಗೂ ಸೆರಗಿಗೂ ಎಳೆ ಎಳೆ ಕೂಡಿಸುವ ಕೆಲಸ ಮಾಡಿಯೇ ಅವನನ್ನು ಬಿ.ಎಸ್ಸಿ. ಓದಿಸಿದಾಕಿ. ಮಮತೆ ಎಷ್ಟೋ ಸಿಟ್ಟೂ ಅಷ್ಟೇ. ತಾನು ಆಯೇರ ಕೊಟ್ಟ ಕಪಾಟನ್ನು ತಂಗಿಯ ಮಗಳು ಯಾರಿಗೋ ಕೊಟ್ಟುಬಿಟ್ಟಳೆಂದು ಹನ್ನೊಂದು ವರ್ಷದಿಂದ ಆ ಮನೆಯ ನೀರು ಮುಟ್ಟಿಲ್ಲ. "ನನ್ನ ಹೆಸರು ಮಂದಿ ಮನ್ಯಾಗ ಬಿಟ್ಟಾಕಿ, ನಾಳೆ ನನ್ನೂ ಬಿಡ್ತಾಳ," ಅನ್ನುವುದು ಅವಳ ಲೆಕ್ಕ.

ಹದಿನೈದು ದಿನದ ಹಿಂದೆ ಇಳಕಲ್ಲಿಗೆ ಹೋದಾಗ ಅವನು ಲ್ಯಾಬಿನಲ್ಲಿ ಹುಡುಗರಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದ್ದ. "ಅತ್ತೀ, ನಮ್ಮಲ್ಲಿ ಕರೆಂಟು ಎರಡನೂರಾ ಮೂವತ್ತು. ಅಲ್ಲಿ ಅದರ ಅರ್ಧಾ. ಮಿಕ್ಸರಿಗೆ ತ್ರಾಣ ಸಾಲಂಗಿಲ್ಲ."

"ಅರ್ಧಾರೇ ಬರ್ತೈತಿಲ್ಲೋ? ಅರ್ಧಾ ಶೇಂಗಾ ಹಾಕಿ ತಿರವ್ರಿ," ಅಂದಿದ್ದಳು ಸಾವಿತ್ರೆವ್ವ. "ನೀವಿರಾವ್ರ ಇಬ್ಬರು. ಇಡೀ ಕೆನಡಾಕ್ಕ ಹಿಂಡಿ ಮಾಡಿ ಹಾಕೂದೈತೇನು?" ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಬ್ಯಾಡಾದ್ರ ಬ್ಯಾಡ ಅನ್ನು ಮಾಂತೂ. ವೋಲ್ಟೇಜಿನ ಮ್ಯಾಲೆ ಯಾಕ ಹಾಕ್ತಿ," ಅಂದಳು. ಆ ಮೂಗು ಒರೆಸಿಕೊಂಡದ್ದನ್ನು ನೋಡಲಾರದೆ ವಿಜಯಮಹಾಂತೇಶ ಬಾಯಿಬಿಟ್ಟು ಹೇಳಿಯೇ ಬಿಟ್ಟಿದ್ದ: "ಇಲ್ಲತ್ತಿ. ಒಯ್ತೇನಿ."

ಭಾನುವಾರ ಮುಂಜಾನೆ ಅವಳ ಫೋನು ಬಂತು. "ಮಿಕ್ಸರ್ ಪೆಟಿಗ್ಯಾಗ ಇಟ್ಟಿ?"

ಮಿಕ್ಸರ್ ಅವನ ಎದುರಿಗೇ ಕೂತಿತ್ತು. "ಇಟ್ಟೇನತ್ತಿ. ಪೆಟಿಗಿ ಬಿಗದು ಕೀಲಿನೂ ಹಾಕೇನಿ."

"ಚಲೋ ಆತು ನನ್ನಪ್ಪಾ. ನಾಳೆ ಮುಂಜಾನೆ ಬರ್ತೇನಿ, ನಿನ್ನ ಕಳಸಾಕ."

ಅಂದರೆ ನಾಳೆ ಮುಂಜಾನೆಯೊಳಗೆ ಮಿಕ್ಸರ್ ಈ ಮನೆಯಿಂದ, ಸಾಧ್ಯವಾದರೆ ಈ ಊರಿನಿಂದಲೇ, ಮಾಯವಾಗಬೇಕು. ಸುಲ್ತಾನಾಗೆ ಕೊಡೋಣವೆಂದರೆ ಸಾವಿತ್ರೆವ್ವ ಬಂದಾಗಲೆಲ್ಲ ಮೊದಲು ಹೋಗಿ ಚಹಾ ಕುಡಿಯುವುದೇ ಅವಳ ಮನೆಯಲ್ಲಿ. ಅವನ ಒದ್ದಾಟ ನೋಡಿ ಕಲ್ಲಪ್ಪನವರೂ ಸುಲ್ತಾನಾಳೂ ಕರೆಯದೆಯೇ ಸಭೆಗೆ ಬಂದು ಕೂತರು. ಕಲ್ಲಪ್ಪನವರು ಲೈನ್‌ಮನ್ ಆಗಿ ರಿಟೈರಾದವರು. ಕರೆಂಟಿನ ವಿಷಯದಲ್ಲಿ ತಮ್ಮನ್ನು ಕೇಳದೆ ಕೆನಡಾದವರು ವೋಲ್ಟೇಜು ಇಟ್ಟುಕೊಂಡದ್ದು ಅವರಿಗೆ ಸರಿಬಂದಿರಲಿಲ್ಲ.

"ನೂರಾ ಇಪ್ಪತ್ತ? ಅಲ್ರೀ ಮಾಸ್ತರ, ಹಿಂದ ಬ್ಯಾಸಿಗ್ಯಾಗ ನಮ್ಮಲ್ಲೂ ಅಷ್ಟ ಬರ್ತಿತ್ತು. ಆವಾಗೇನು ಮಂದಿ ಹಿಂಡಿ ತಿಂದಿಲ್ಲೇನು? ಒಯ್ರಿ, ಒಯ್ರಿ."

"ಚಾಚಾ, ಪೆಟಿಗಿ ತೂಕ ಆಗ್ಲೇ ಇಪ್ಪತ್ಮೂರು ಕಿಲೋ ಆಗೇತಿ, ವಿಮಾನದಾಗ ಅದಕ್ಕಿಂತ ಜಾಸ್ತಿ ಬಿಡಂಗಿಲ್ಲ," ಅಂದಳು ಸುಲ್ತಾನಾ. "ಭಯ್ಯಾ, ಹೆಸರು ಅಳಿಸಿ ಯಾರಿಗರೆ ಕೊಟ್ಟಬಿಡ್ರಿ. ಹೆಸರಿಲ್ಲಂದ್ರ ಯಾರದಂತ ಗೊತ್ತಾಗ್ತೈತಿ?"

ಈ ಮಾತು ಎಲ್ಲರಿಗೂ ಒಪ್ಪಿಗೆಯಾಯಿತು. ಗೇಟಿಗೆ ಬಣ್ಣ ಹೊಡೆದು ಉಳಿದಿದ್ದ ಥಿನ್ನರ್ ಕಲ್ಲಪ್ಪನವರು ತಂದರು. ಸುಲ್ತಾನಾ ಚಿಂದಿ ಅರಿವೆ ತಂದಳು. ವಿಜಯಮಹಾಂತೇಶ ಮಂಡಿಯೂರಿ ಕೂತು ತಿಕ್ಕಿದ. ಐದು ನಿಮಿಷ ತಿಕ್ಕಿದ ಮೇಲೆ ಮಿಕ್ಸರಿನ ಬಿಳಿ ಪ್ಲಾಸ್ಟಿಕ್ಕು ಕರಗಿ ಅರಿವೆಗೆ ಬಂತು. ಕಂಪನಿಯ ಹೆಸರು ಹೋಯಿತು. ಒಂದು, ಎರಡು, ಮೂರು ಅಂತ ಸ್ಪೀಡಿನ ನಂಬರು ಹೋದವು. ಸಾವಿತ್ರೆವ್ವ ಮಾತ್ರ ಎಣ್ಣೆ ಹಚ್ಚಿ ತಲೆ ಬಾಚಿಕೊಂಡವಳ ಹಾಗೆ ಮೊದಲಿಗಿಂತ ಲಕಲಕ ಹೊಳೆಯುತ್ತ ಕೂತಳು.

"ಭಾರಿ ಪೇಂಟರ್ ಬಿಡ್ರಿ," ಅಂದರು ಕಲ್ಲಪ್ಪನವರು.

ತಿಕ್ಕುತ್ತ ತಿಕ್ಕುತ್ತ ವಿಜಯಮಹಾಂತೇಶನ ಕೈ ಸಡಿಲಾಯಿತು. ಅವನು ಸಣ್ಣವನಿದ್ದಾಗ ಅತ್ತಿಯ ಮನೆಯಲ್ಲಿ ಕುಟ್ಟಲು ಇದ್ದದ್ದು ಒಂದು ಕೆಂಪು ಕಲ್ಲಿನ ಕಲ್ಲಬತ್ತ. ಅವಳು ಅದರಲ್ಲಿ ಹಿಂಡಿ ಕುಟ್ಟುವ ಸಪ್ಪಳಕ್ಕೇ ಅವನಿಗೆ ದಿನಾ ಎಚ್ಚರವಾಗುತ್ತಿತ್ತು. ಕುಟ್ಟಿ ಕುಟ್ಟಿ ಅವಳ ಬಲ ರಟ್ಟೆ ಹಿಡಿದುಕೊಂಡು, ರಾತ್ರಿ ಬಿಸಿ ಉಪ್ಪಿನ ಗಂಟು ಇಟ್ಟುಕೊಳ್ಳುತ್ತಿದ್ದಳು. ಅಂಥಾಕಿ ತನಗೊಂದು ಮಿಕ್ಸರ್ ತಗೊಳ್ಳದೆ ಇವನ ಲಗ್ನಕ್ಕೆ ತಂದು ಕೊಟ್ಟು, "ನೇತ್ರಾನ ರಟ್ಟಿ ನೋಯಬಾರದು," ಅಂದಿದ್ದಳು. ಈಗ ನೋಡಿದರೆ ತಾನು ಮಂಡಿಯೂರಿ ಕೂತು ಅವಳ ಹೆಸರನ್ನು ಥಿನ್ನರ್ ಹಚ್ಚಿ ತಿಕ್ಕುತ್ತಿದ್ದೇನೆ! ಛೆ, ನನ್ನಂಥ ನಾಲಾಯಕ ಇನ್ನೊಬ್ಬ ಇಲ್ಲ ಅಂತ ಅವನಿಗೆ ಅನಿಸಿತು. ಹಾಗಂತ ತಿಕ್ಕುವುದನ್ನೇನೂ ಪೂರ್ತಿ ನಿಲ್ಲಿಸಲಿಲ್ಲ, ನಾಳೆ ಅತ್ತಿ ಬರುವವಳಿದ್ದಳು.

ಕಡೆಗೆ ಅವನಿಗೆ ಅರ್ಷದ ನೆನಪಾದ. ಅರ್ಷದ ಅವನ ಲ್ಯಾಬಿನಲ್ಲಿ ಕಲಿತ ಹುಡುಗ, ಈಗ ಪಟ್ಟದಕಲ್ಲಿನಲ್ಲಿ ಗುಡಿ ನೋಡಲು ಬರುವವರಿಗೆ ಜ್ಯೂಸ್ ಮಾಡಿ ಮಾರುತ್ತಾನೆ. ಆ ಪ್ರವಾಸಿಗರಿಗೆ ಸಾವಿತ್ರೆವ್ವ ಯಾರಾದರೇನು? ಫೋನು ಹಚ್ಚಿದ. ಅರ್ಷದ ಕುಣಿದಾಡಿಬಿಟ್ಟ. "ಬಸ್ಸಿಗೆ ಹಾಕ್ರಿ ಸರ, ನಾ ಇಳಸ್ಕೋತೇನಿ."

ಬಸ್ಸಿಗೆ ಹಾಕುವುದು ನಮ್ಮಲ್ಲಿ ದೊಡ್ಡ ಕೆಲಸವಲ್ಲ. ಮಿಕ್ಸರನ್ನು ಒಂದು ಕೈಚೀಲಕ್ಕೆ ತುರುಕಿ, "ಅರ್ಷದ, ಪಟ್ಟದಕಲ್ಲು" ಅಂತಲೂ ಫೋನ್ ನಂಬರನ್ನೂ ಚೀಟಿಯಲ್ಲಿ ಬರೆದು, ಚೀಲಕ್ಕೆ ಟೇಪು ಹಚ್ಚಿ ಅಂಟಿಸಿ, ಬಾದಾಮಿ ಮೇಲೆ ಪಟ್ಟದಕಲ್ಲಿಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟ. ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೇ ತಿಂದ. ಮಿಕ್ಸರಿಗೆ ಹಚ್ಚಿದ ಥಿನ್ನರ್ ಇನ್ನೂ ಆರಿಲ್ಲ, ಚೀಲ ಹಸಿಯಾಗಿದೆ, ಹಸಿ ಚೀಲಕ್ಕೆ ಟೇಪು ನಿಲ್ಲುವುದಿಲ್ಲ ಅನ್ನುವುದು ಫಿಸಿಕ್ಸ್ ಲ್ಯಾಬಿನವನ ತಲೆಗೆ ಹೊಳೆಯಲಿಲ್ಲ.

ಒಂದು ಗಂಟೆಗೆ ಅರ್ಷದನ ಫೋನು. "ಸರ, ಬಸ್ ಬಂತ್ರಿ. ಸಾಮಾನ ಇಲ್ರಿ."

ಕಲ್ಲಪ್ಪನವರ ಸ್ಕೂಟರಿನ ಹಿಂದೆ ಕೂತು ವಿಜಯಮಹಾಂತೇಶ ಬಸ್‌ಸ್ಟ್ಯಾಂಡಿಗೆ ಓಡಿದ. ಗಾಡಿಗಳ ಟೈಮು ಬರೆದುಕೊಳ್ಳುತ್ತಿದ್ದವರು ಇವನ ಮುಖ ನೋಡಿ ಕನಿಕರಪಟ್ಟು ಅಲ್ಲಿ ಇಲ್ಲಿ ಫೋನು ಮಾಡಿ ವಿಚಾರಿಸಿದರು. ಆಮೇಲೆ ನಗುನಗುತ್ತ ಹೇಳಿದರು:

"ಏನ್ ಚಿಂತಿ ಮಾಡಬ್ಯಾಡ್ರಿ ಸರ. ಚೀಟಿ ಎಲ್ಲೋ ಬಿದ್ದಿತ್ತಂತ. ಬಾದಾಮ್ಯಾಗ ಚೀಲಾ ಬಿಚ್ಚಿ ನೋಡ್ಯಾರ, ಒಳಗ ಸಾಮಾನಿನ ಮ್ಯಾಲ ಅಡ್ರೆಸ್ ಇತ್ತಂತ. ಇಳಕಲ್ಲ ಗಾಡಿಗೆ ಹಾಕಿ ಕಳಿಸ್ಯಾರ. ಅಡ್ರೆಸ್ ಭಾಳ ಚಲೋ ಬರಸೀರಿ ನೋಡ್ರಿ, ಎಲ್ಲಾರೂ ಹಿಂಗ ಬರಸಿದ್ರ ನಮಗ ತ್ರಾಸ ಇಲ್ಲ."

ಆ ಇಳಕಲ್ಲ ಬಸ್ಸು ಪಟ್ಟದಕಲ್ಲಿನ ಮೇಲೆಯೇ, ಅರ್ಷದನ ಜ್ಯೂಸ್ ಅಂಗಡಿಯ ಮುಂದೆಯೇ ಆಗಲೇ ಹಾದುಹೋಗಿರುತ್ತದೆ ಅನ್ನುವುದು ಹೊಳೆದು ವಿಜಯಮಹಾಂತೇಶ ಹಣೆ ಚಚ್ಚಿಕೊಂಡ.

"ಹುನಗುಂದದಾಗ ಹಿಡೀರಿ," ಅಂದರು ಕಲ್ಲಪ್ಪನವರು. "ಬಾದಾಮಿ ಗಾಡಿ ಅಲ್ಲಿ ಊಟಕ್ಕ ನಿಲ್ತೈತಿ. ಓಡ್ರಿ ಮಾಸ್ತರ!"

ಅವನು ಹೊರಟು ನಿಂತಿದ್ದ ಇಳಕಲ್ಲ ಬಸ್ಸಿಗೆ ಜಿಗಿದ. ಅಮೀನಗಡದಲ್ಲಿ ಕರದಂಟಿನ ಪಾಕೀಟು ಕೊಳ್ಳಲು ಇಳಿದ ಒಬ್ಬ ಹಿರಿಯರು ಹತ್ತುವವರೆಗೆ ಅವನ ಜೀವ ಬಾಯಿಗೆ ಬಂದಿತ್ತು. ಹುನಗುಂದ ಬಂತು. ಬಾದಾಮಿಯ ಗಾಡಿ ನಿಂತಿತ್ತು! ಓಡಿಹೋಗಿ ಹತ್ತಿದ. ಕಂಡಕ್ಟರನ ಸೀಟಿನ ಪಕ್ಕದಲ್ಲೇ ಕೈಚೀಲ ಕೂತಿತ್ತು. ಕೈ ಹಾಕಿದ.

"ಯಾಕ್ರೀ? ಯಾಕ? ಯಾರ್ರೀ ನೀವು?" ಕೈ ತೊಳೆದುಕೊಂಡು ಬರುತ್ತಿದ್ದ ಕಂಡಕ್ಟರ್ ಬಾಗಿಲಲ್ಲೇ ಕೂಗಿದ.

"ಇದು ನಂದ್ರಿ. ನಮ್ಮ ಮಿಕ್ಸರು."

"ನಿಮ್ಮ ಹೆಸರು?"

"ವಿಜಯಮಹಾಂತೇಶ."

ಕಂಡಕ್ಟರ್ ಚೀಲದ ಬಾಯಿ ಅಗಲಿಸಿ ಇಡೀ ಬಸ್ಸಿಗೆ ಕೇಳುವಂತೆ ಓದಿದ: "ಸಾವಿತ್ರೆವ್ವ ಬಸಪ್ಪ ಕಂದಗಲ್ಲ. ಎಲ್ಲಿಯ ವಿಜಯಮಹಾಂತೇಶ್ರೀ?"

"ಅವರು ನಮ್ಮ ಅತ್ತಿ."

"ಹೌದ? ಹಂಗಾರ ಫೋನ್ ಹಚ್ಚಿ ಕೊಡ್ರಿ. ಅತ್ತಿಯವರು ಕೊಡು ಅಂದ್ರ ಕೊಡ್ತೇನಿ."

ಫೋನೊಂದನ್ನು ಬಿಟ್ಟು ಏನು ಬೇಕಾದರೂ ಮಾಡಲು ವಿಜಯಮಹಾಂತೇಶ ತಯಾರಿದ್ದ. ಅವನು ತಡವರಿಸಿದ್ದನ್ನು ನೋಡಿ ಬಸ್ಸಿನವರ ಕಿವಿ ನೆಟ್ಟಗಾದವು. "ಕೊಡಬ್ಯಾಡ್ರಿ ಕಂಡಕ್ಟರ," ಅಂತ ಹಿಂದಿನ ಸೀಟಿನ ಹೆಣ್ಣುಮಗಳು ಎದ್ದೇ ನಿಂತಳು. "ಪಾಪ, ಯಾವ ಮುದುಕಿ ಮಿಕ್ಸರೋ ಏನೋ. ಇತ್ತಿತ್ಲಾಗ ಪ್ಯಾಂಟ್ ಹಾಕ್ಕೊಂಡಾವ್ರನ್ನ ನಂಬಾಕ ಆಗವಲ್ದು."

"ಯವ್ವಾ, ನಾ ಕಾಲೇಜ್‌ನ್ಯಾಗ ಇರಾವ," ಅಂದ ವಿಜಯಮಹಾಂತೇಶ.

"ಕಾಲೇಜ್‌ನ್ಯಾಗ ಇದ್ದು ಮಿಕ್ಸರ್ ಕದೀತಿಯಾ?" ಅಂದಳು ಆಕೆ.

ಬಸ್ಸು ಹೊರಟಿತು. ಅವನು ಟಿಕೀಟು ತೆಗೆಸಿ ಕೂತ. ಅವನಿಗೂ ಚೀಲಕ್ಕೂ ನಡುವೆ ನಾಲ್ಕು ಸೀಟು, ಎಂಟು ಜನ ಕಾವಲು. ಬನ್ನಿಕಟ್ಟಿ ಬಂದಾಗ ಕಂಡಕ್ಟರ್ ಗಾಡಿ ನಿಲ್ಲಿಸಿ, ಚೀಲವನ್ನು ಕೂಸಿನಂತೆ ಎತ್ತಿಕೊಂಡು ಕೆಳಗಿಳಿದು, "ಸಾವಿತ್ರೆವ್ವನವರ ಮನಿ ಯಾವುದ್ರೀ?" ಅಂತ ಕೇಳಿದ. ಕಟ್ಟೆಯ ಮೇಲೆ ಕೂತಿದ್ದ ನಾಲ್ವರೂ ಒಂದೇ ಮನೆ ತೋರಿಸಿದರು. ಮೂರು ಜನ ಸಾವಿತ್ರೆವ್ವರಲ್ಲಿ ಯಾರು ಅನ್ನುವ ಪ್ರಶ್ನೆಯೇ ಬರಲಿಲ್ಲ. ವಿಜಯಮಹಾಂತೇಶ ಸೀಟಿನಲ್ಲಿ ತಲೆ ತಗ್ಗಿಸಿ ಕೂತು, ಮುಂದಿನ ಸ್ಟಾಪಿನಲ್ಲಿ ಇಳಿದ.

ಇಳಿದು ಮಾಡುವುದೇನು? ಬಾಗಲಕೋಟೆಗೆ ತಿರುಗಿ ಹೋದರೂ ನಾಳೆ ಅತ್ತಿಯ ಮುಖ ನೋಡಲೇಬೇಕು. ಅಥವಾ ಅವಳು ಬರುವುದೇ ಇಲ್ಲ. ಹನ್ನೊಂದು ವರ್ಷ ನೀರು ಮುಟ್ಟದಾಕಿ ಅವಳು. ತಾನು ಅಷ್ಟು ದೂರ ಹೋಗಿ ಕೂತ ಮೇಲೆ ಇನ್ನು ಹನ್ನೊಂದು ವರ್ಷದ ಆಯುಷ್ಯ ಆಕೆಗೆ ಉಳಿದಿದೆಯೋ ಇಲ್ಲವೋ. ಒಂದು ಚಹಾದಂಗಡಿಯಲ್ಲಿ ಕೂತು ಎರಡು ತಾಸು ನೆಪ ಹುಡುಕಿದ. ಪೆಟ್ಟಿಗೆ ಕಳುವಾಯಿತು ಅನ್ನಲೇ? ರಿಪೇರಿಗೆ ಕಳಿಸಿದ್ದೆ ಅನ್ನಲೇ? ಪಕ್ಕದ ಓಣಿಯಲ್ಲಿ ಕಲ್ಲು ಕೊರೆಯುವ ಮಷಿನ್ನು ಗರ್ರನೆ ಸದ್ದು ಮಾಡಿ ಒಂದು ನೆಪವೂ ಪೂರ್ತಿಯಾಗಲು ಬಿಡಲಿಲ್ಲ. ಇಳಕಲ್ಲಿನಲ್ಲಿ ಆ ಸದ್ದು ಯಾವಾಗ ಇರುವುದಿಲ್ಲ? ಕಡೆಗೆ ಮೂರು ಚಹಾ ಕುಡಿದ ಮೇಲೆ, ಆದದ್ದಾಗಲಿ, ಖರೆ ಹೇಳಿಬಿಡುವುದು ಅಂತ ಎದ್ದ.

ಅತ್ತಿಯ ಮನೆಯಲ್ಲಿ ಮಿಕ್ಸರ್ ಕಟ್ಟೆಯ ಮೇಲೆ ಕೂತಿತ್ತು. ಕೀವು ಹರಿದ ಗಾಯ ನೋಡುವಂತೆ ಸಾವಿತ್ರೆವ್ವ ಅದರ ಕರಗಿದ ಹೊಟ್ಟೆಯ ಮೇಲೆ ಬೆರಳಾಡಿಸುತ್ತಿದ್ದಳು.

"ಅತ್ತೀ..." ಅನ್ನುತ್ತಲೇ ಕಣ್ಣಲ್ಲಿ ನೀರು ಬಂತು.

"ಬಾ. ಕೂಡು," ಅಂದಳು ಸಾವಿತ್ರೆವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅಳಬ್ಯಾಡೋ ಹುಚ್ಚ. ಕಂಡಕ್ಟರ್ ಬಂದು ಕೈಯಾಗ ಇಟ್ಟಾಗ ನನಗ ತಿಳೀತು. ನೀ ಅವತ್ತ ಹೇಳಿದ್ದ ಖರೇನ ಐತಿ. ಆ ಊರ ಕರೆಂಟು ಇದಕ್ಕ ಆಗಂಗಿಲ್ಲ. ನಾನ ನಿನ್ನ ಮಾತು ನಂಬಲಿಲ್ಲ. ಮಾರಿ ನೋಡಿ ಹೇಳಾಕ ನಿನಗ ಧೈರ್ಯ ಸಾಲಲಿಲ್ಲ, ಬಸ್ಸಿಗೆ ಹಾಕಿ ಕಳಿಸಿದಿ. ಮಂದಿಗೆ ಕೊಡಲಿಲ್ಲ, ನನ್ನ ಸಾಮಾನ ನನಗ ಮುಟ್ಟಿಸಿದಿ. ಅಷ್ಟ ಸಾಕು."

ವಿಜಯಮಹಾಂತೇಶ ಬಾಯಿ ತೆರೆದ. ಖರೆ ಹೇಳಬೇಕೆಂದು ಬಂದವನು ಅತ್ತಿಯ ಮುಖ ನೋಡಿ ಬಾಯಿ ಮುಚ್ಚಿದ. ಇದಕ್ಕಿಂತ ಚಂದದ ಸುಳ್ಳು ಅವನಿಂದ ಎರಡು ತಾಸಲ್ಲ, ಎರಡು ವರ್ಷ ಕೂತರೂ ಆಗುತ್ತಿರಲಿಲ್ಲ. ಮುಂಜಾನೆಯಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಂತಾಗಿ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಪೆಟ್ಟಿಗೆಯ ಇಪ್ಪತ್ಮೂರು ಕಿಲೋ ಇಪ್ಪತ್ಮೂರೇ ಉಳಿಯಿತು, ಅತ್ತಿಯೂ ಉಳಿದಳು.

"ಆದ್ರ ನನಗೊಂದ ಚಿಂತಿ ಹತ್ತಿತು," ಅಂದಳು ಸಾವಿತ್ರೆವ್ವ. "ಹುಡುಗೂರು ಹಿಂಡಿಗೆ ಏನ್ ಮಾಡಬೇಕು? ಅದಕ್ಕ ಒಂದ ವಿಚಾರ ಮಾಡಿದೆ. ಏ ಶಂಕ್ರಪ್ಪಾ, ಆತೇನೋ?"

"ಆತು ನೋಡಬೇ," ಅನ್ನುತ್ತ, ಕಲ್ಲಿನ ಕೆಲಸ ಮಾಡುವ ಪಕ್ಕದ ಮನೆಯ ಶಂಕ್ರಪ್ಪ ಮೈತುಂಬ ಕೆಂಪು ಧೂಳು ಮೆತ್ತಿಕೊಂಡು ಒಳಗೆ ಬಂದ. ಏದುಸಿರು ಬಿಡುತ್ತ ಎರಡೂ ಕೈಯಲ್ಲಿ ಹೊತ್ತು ತಂದದ್ದನ್ನು ವಿಜಯಮಹಾಂತೇಶನ ಮುಂದೆ ಇಟ್ಟ. ನೆಲ ಧಡ್ ಅಂದಿತು.

ಹಳೆಯ ಕಲ್ಲಬತ್ತ. ಇಳಕಲ್ಲಿನ ಕೆಂಪು ಕಲ್ಲು. ಒಳಗೆ ಗುಂಡು. ಎರಡೂ ಸೇರಿ ಹದಿನೆಂಟು ಕಿಲೋಕ್ಕೆ ಕಡಿಮೆ ಇರಲಿಲ್ಲ. ಮೈಮೇಲೆ ಬೆರಳು ಹುದುಗುವಷ್ಟು ಆಳವಾಗಿ, ಮಷಿನ್ನಿನಲ್ಲಿ ಆಗಷ್ಟೇ ಕೊರೆದ ಮೂರು ಸಾಲು:

ಸಾವಿತ್ರೆವ್ವ ಬಸಪ್ಪ ಕಂದಗಲ್ಲ
ಬನ್ನಿಕಟ್ಟಿ ಹತ್ತಿರ
ಇಳಕಲ್ಲ

"ಇದಕ್ಕ ಯಾವ ದೇಶದ ವೋಲ್ಟೇಜೂ ಬೇಕಾಗಿಲ್ಲ," ಅಂದಳು ಸಾವಿತ್ರೆವ್ವ. ಸೆರಗಿನಿಂದ ಕಲ್ಲಿನ ಧೂಳು ಒರೆಸಿದಳು. ಆಮೇಲೆ ಅವನ ಕಣ್ಣಲ್ಲಿ ಕಣ್ಣಿಟ್ಟು, ಮೆಲ್ಲಗೆ, "ಮತ್ತ, ಥಿನ್ನರ್ ಹಚ್ಚಿದ್ರೂ ಹೋಗಂಗಿಲ್ಲ," ಅಂದಳು.

ಸಂಜೆಯ ಬಾಗಲಕೋಟೆ ಬಸ್ಸಿನಲ್ಲಿ ವಿಜಯಮಹಾಂತೇಶ ಕಲ್ಲಬತ್ತವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಇದನ್ನು ಹಾಕಿದರೆ ಪೆಟ್ಟಿಗೆಯಿಂದ ಏನೇನು ತೆಗೆಯಬೇಕು ಅಂತ ಲೆಕ್ಕ ಹಾಕಿದ. ಬೂಟು ಹೋಗಬೇಕು, ಪುಸ್ತಕ ಹೋಗಬೇಕು, ಅಲ್ಲಿನ ಚಳಿಗೆಂದು ಹುಬ್ಬಳ್ಳಿಯಿಂದ ತರಿಸಿದ್ದ ದಪ್ಪ ಕೋಟೂ ಹೋಗಬೇಕು. ಅಮೀನಗಡದಲ್ಲಿ ಮುಕ್ಕಾಲು ಬಸ್ಸು ಖಾಲಿಯಾದಾಗ ಒಂದು ಕೆಟ್ಟ ವಿಚಾರ ಬಂತು. ಸೀಟಿನ ಕೆಳಗೆ ಮೆಲ್ಲಗೆ ಜಾರಿಸಿ ಇಳಿದುಬಿಟ್ಟರೆ? ಕಲ್ಲು ಅರ್ಧ ಜಾರಿಸಿದ ಮೇಲೆ ಮೂರು ಸಾಲು ಕಣ್ಣಿಗೆ ಬಿದ್ದವು. ಬಾದಾಮಿಯಲ್ಲಿ ಬಿಡಲಿ, ಕೂಡಲಸಂಗಮದ ಹೊಳೆ ದಂಡೆಯಲ್ಲಿ ಬಿಡಲಿ, ಯಾರಾದರೂ ಒಬ್ಬ ಒಳ್ಳೆಯ ಮನುಷ್ಯ ಓದಿ, ಪಾಪ ಅಂದುಕೊಂಡು, ಇಳಕಲ್ಲ ಗಾಡಿಗೆ ಹಾಕಿಯೇ ಹಾಕುತ್ತಾನೆ. ನಮ್ಮ ಜಿಲ್ಲೆಯಲ್ಲಿ ಇಷ್ಟೊಂದು ಒಳ್ಳೆಯ ಜನ ಇರಬಾರದಿತ್ತು. ಅವನು ಕಲ್ಲನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡ.

ಅಷ್ಟರಲ್ಲಿ ನೇತ್ರಾಳ ಫೋನು ಬಂತು. ಅಲ್ಲಿ ಬೆಳಗಾಗಿತ್ತು.

"ಮಿಕ್ಸರ್ ಏನ್ ಮಾಡಿದ್ರಿ?"

"ಅತ್ತಿ ಹಂತ್ಯಾಕ ಬಿಟ್ಟು ಬಂದೆ."

"ಅಯ್ಯ! ಸಿಟ್ಟಾಗಲಿಲ್ಲ ಅವರು?"

"ಇಲ್ಲ. ಭಾಳ ಪ್ರೀತಿಯಿಂದ ಕಳಿಸಿದ್ರು."

"ಹಂಗಾರ ಪೆಟಿಗ್ಯಾಗ ಕರೆಂಟಿನ ಸಾಮಾನ ಒಂದೂ ಇಲ್ಲಲ್ಲ?"

"ಇಲ್ಲ," ಅಂದ ವಿಜಯಮಹಾಂತೇಶ. ಅವತ್ತು ಮುಂಜಾನೆಯಿಂದ ಮನೆಯವರ ಮುಂದೆ ಅವನು ಆಡಿದ ಪೂರ್ತಿ ಖರೆ ಮಾತು ಅದೊಂದೇ. "ಕರೆಂಟಿಂದ ಒಂದೂ ಇಲ್ಲ." ಅಂದು, ಜೋಮು ಹಿಡಿದ ಎಡ ತೊಡೆಯಿಂದ ಕಲ್ಲನ್ನು ಬಲ ತೊಡೆಗೆ ಸರಿಸಿಕೊಂಡ.